ಕಾಲು ಟ್ಯಾಂಕ್ ತೋರಿಸುವ ಖಾಲಿ ಟ್ಯಾಂಕ್

ನಮ್ಮ ತೋಟದ ಹಳೇ ಡೀಸೆಲ್ ಜೀಪಿನ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ಸಕಲೇಶಪುರದ ಮಳೆಗೆ ತಗಡು ಎಷ್ಟು ವರ್ಷ ತಾಳೀತು? ಹೊರಗಿನಿಂದ ಕೆಸರು ತಿನ್ನುತ್ತದೆ, ಒಳಗಿನಿಂದ ನೀರು. ಅರ್ಧ ಖಾಲಿ ಇರುವ ಟ್ಯಾಂಕಿನ ಗಾಳಿಯಲ್ಲಿ ತೇವ ಇರುತ್ತದಲ್ಲ, ಅದು ರಾತ್ರಿ ಚಳಿಗೆ ಹನಿಗಟ್ಟುತ್ತದೆ. ಡೀಸೆಲ್ ನೀರಿಗಿಂತ ಹಗುರ, ಹಾಗಾಗಿ ನೀರು ತಳಕ್ಕೆ ಹೋಗಿ ಕೂರುತ್ತದೆ. ತಳದ ಮೂಲೆಯಲ್ಲಿ ಜಿನುಗಲು ಶುರುವಾದಾಗ ಬಟ್ಟೆ ಸೋಪು ಮೆತ್ತಿ ಸ್ವಲ್ಪ ದಿನ ಓಡಿಸಿದೆವು. ಆಮೇಲೆ ಹಾಸನದಲ್ಲಿ ಹೊಸ ಟ್ಯಾಂಕ್ ಮಾಡಿಸಿ ಹಾಕಿಸಿದೆವು.

ಟ್ಯಾಂಕ್ ಚೆನ್ನಾಗಿಯೇ ಇತ್ತು. ದಪ್ಪ ತಗಡು, ಒಳ್ಳೆ ಬೆಸುಗೆ, ಮೇಲೆ ಹೊಳೆಯುವ ಕಪ್ಪು ಬಣ್ಣ. ಬಂಕಿನಲ್ಲಿ ಫುಲ್ ಮಾಡಿಸಿ ಚಾವಿ ತಿರುಗಿಸಿದರೆ ಡೀಸೆಲ್ ಮೀಟರಿನ ಮುಳ್ಳು ಮಾತ್ರ ‘ಇ’ ಬಿಟ್ಟು ಏಳಲೇ ಇಲ್ಲ.

ನಮ್ಮೂರಿನ ಎಲೆಕ್ಟ್ರೀಷಿಯನ್ ಅಣ್ಣ ಸೀಟು ಎತ್ತಿ, ಟ್ಯಾಂಕ್ ಯೂನಿಟ್ಟಿನ (ಟ್ಯಾಂಕಿನೊಳಗೆ ಇಳಿಬಿಟ್ಟು ಡೀಸೆಲ್ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ) ವೈರ್ ಬಿಚ್ಚಿ, ಒಂದು ಗಳಿಗೆ ಜೀಪಿನ ತಗಡಿಗೆ ಮುಟ್ಟಿಸಿದರು. ಮುಳ್ಳು ನಿಧಾನವಾಗಿ ‘ಎಫ್’ ಕಡೆ ಹೊರಟಿತು. "ಮೀಟರ್ ಸರಿ ಇದೆ, ವೈರೂ ಸರಿ ಇದೆ. ನಿಮ್ಮ ಟ್ಯಾಂಕಿಗೆ ಅರ್ತ್ ಇಲ್ಲ ನೋಡಿ" ಅಂದರು. ಕೂರಿಸಿದ್ದು ರಬ್ಬರ್ ಪಟ್ಟಿಯ ಮೇಲೆ. ಯೂನಿಟ್ಟಿನ ಕೆಳಗೂ ರಬ್ಬರ್ ವಾಷರ್. ಸ್ಕ್ರೂ ಕೂರುವ ಜಾಗಕ್ಕೆಲ್ಲ ಬಣ್ಣ. ಕರೆಂಟಿಗೆ ವಾಪಸ್ ಹೋಗುವ ದಾರಿಯೇ ಇರಲಿಲ್ಲ. ಬಣ್ಣ ಕೆರೆದು, ಯೂನಿಟ್ಟಿನ ತಟ್ಟೆಯಿಂದ ಚಾಸಿಗೆ ಒಂದು ವೈರ್ ಹಾಕಿದರು. ಮುಳ್ಳು ‘ಎಫ್’ಗೆ ಹೋಗಿ ನಿಂತಿತು. ನಾವೂ ಕಾಫಿ ಕುಡಿದು ಮರೆತೆವು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ. ಕುಕ್ಕೆಯಿಂದ ಬಿಸಿಲೆ ಘಾಟಿ ಹತ್ತಿಕೊಂಡು ಬರುವಾಗ ಜೀಪು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿತ್ತು. ಟ್ಯಾಂಕಿಗೆ ಕಡ್ಡಿ ಇಳಿಸಿದರೆ ತುದಿ ಮಾತ್ರ ಒದ್ದೆ. ಬಿಸಿಲೆ ದಾರಿಯಲ್ಲಿ ಬಂಕ್ ಎಲ್ಲಿಂದ ಬರಬೇಕು? ಪುಣ್ಯಕ್ಕೆ ಒಂದು ಪಿಕಪ್ ಬಂತು, ಅವರ ಹತ್ತಿರ ಕ್ಯಾನಿನಲ್ಲಿ ಡೀಸೆಲ್ ಇತ್ತು. ಆದರೆ ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಒಣಗಿದರೆ ಸುಮ್ನೆ ಸುರಿದು ಸ್ಟಾರ್ಟ್ ಮಾಡೋಕಾಗಲ್ಲ. ಪೈಪಿನಲ್ಲಿ ಏರ್ ಹಿಡಿದಿರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ, ಗುಳ್ಳೆ ಬರುವುದು ನಿಂತು ಬರೀ ಡೀಸೆಲ್ ಬರುವ ತನಕ ಕಾಯಬೇಕು. ಜಿಗಣೆ ಕಾಲಿಗೆ ಹತ್ತುತ್ತಿರುವಾಗ ಇದು ಬಹಳ ಹೊತ್ತಿನ ಕೆಲಸ.

ಮೀಟರ್ ಸುಳ್ಳು ಹೇಳಿತು ಅಂತ ಮನೆಯಲ್ಲಿ ಎಲ್ಲರೂ ಬೈದರು. ಸ್ಪೇರ್ ಅಂಗಡಿಯವರು ಹೊಸ ಯೂನಿಟ್ ಹಾಕಿ ಅಂದರು. ಎಲೆಕ್ಟ್ರೀಷಿಯನ್ ಅಣ್ಣ ಬೇಡವೇ ಬೇಡ ಅಂದರು. ಅವರ ಮಾತು ಸರಿ. ಯೂನಿಟ್ಟಿಗೂ ಮೀಟರಿಗೂ ಓಮ್ ಲೆಕ್ಕ, ಅಂದರೆ ಯೂನಿಟ್ ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ, ಹೊಂದಬೇಕು. ಒಂದು ಜಾತಿಯಲ್ಲಿ ಖಾಲಿಗೆ 240 ಓಮ್, ಫುಲ್‌ಗೆ 33. ಇನ್ನೊಂದರಲ್ಲಿ ಖಾಲಿಗೆ 10, ಫುಲ್‌ಗೆ 180. ಇದರ ಯೂನಿಟ್ ಅದರ ಮೀಟರಿಗೆ ಸೇರಿದರೆ ಡೀಸೆಲ್ ಹಾಕಿದಷ್ಟೂ ಮುಳ್ಳು ಕೆಳಗಿಳಿಯುತ್ತದೆ! ನಮ್ಮದರಲ್ಲಿ ಟೆಂಪರೇಚರ್ ಮುಳ್ಳು ಸರಿಯಾಗಿತ್ತು, ಅಂದರೆ ಎರಡೂ ಮೀಟರಿಗೆ ಕರೆಂಟ್ ಕೊಡುವ ಸ್ಟೆಬಿಲೈಜರ್ ಕೂಡ ಸರಿ ಇದೆ ಅಂತಾಯಿತು.

ಉಳಿದಿದ್ದು ಟ್ಯಾಂಕ್. ಹಳೇದು ಇನ್ನೂ ಹಿತ್ತಲಲ್ಲಿ ಬಿದ್ದಿತ್ತು. ಎರಡನ್ನೂ ಅಳೆದಾಗ ಗುಟ್ಟು ಗೊತ್ತಾಯಿತು. ಹೊಸ ಟ್ಯಾಂಕಿನ ಆಳ ಕಮ್ಮಿ, ಅಗಲ ಜಾಸ್ತಿ. ಹಿಡಿಯುವ ಲೀಟರ್ ಹೆಚ್ಚುಕಮ್ಮಿ ಅಷ್ಟೇ. ಆದರೆ ಮೀಟರಿಗೆ ಲೀಟರ್ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಯೂನಿಟ್ಟಿನ ಕಂಬಿ ಎಷ್ಟು ಓರೆಯಾಗಿದೆ ಎನ್ನುವುದು ಮಾತ್ರ. ಫ್ಲಶ್ ಟ್ಯಾಂಕಿನಲ್ಲಿ ಇರುವ ಹಾಗೇ ಕಂಬಿಯ ತುದಿಯಲ್ಲಿ ಒಂದು ಫ್ಲೋಟ್ ತೇಲುತ್ತಿರುತ್ತದೆ. ಹಳೇ ಟ್ಯಾಂಕಿನಲ್ಲಿ ಅದು ಪೂರ್ತಿ ಇಳಿದರೆ ‘ಇ’. ಹೊಸದರಲ್ಲಿ ಅಷ್ಟು ಇಳಿಯುವ ಮೊದಲೇ ತಳ ಸಿಗುತ್ತಿತ್ತು. ಮುಳ್ಳು ಕಾಲು ಟ್ಯಾಂಕಿನಲ್ಲೇ ನಿಲ್ಲುತ್ತಿತ್ತು.

ಡೀಸೆಲ್ ಇಳಿಸಿ, ಬ್ಯಾಟರಿ ಟರ್ಮಿನಲ್ ತೆಗೆದು ಯೂನಿಟ್ ಹೊರಗೆಳೆದೆವು. ಫ್ಲೋಟ್ ಸ್ವಲ್ಪ ಮೇಲಕ್ಕೆ ಬರುವ ಹಾಗೆ ಕಂಬಿಯನ್ನು ಇಕ್ಕಳದಲ್ಲಿ ಬಗ್ಗಿಸಿದರು. ಎಷ್ಟು ಬಗ್ಗಿಸಬೇಕು ಅನ್ನುವುದೇ ನಿಜವಾದ ಕೆಲಸ. ಡೀಸೆಲ್ ಎಳೆಯುವ ಪೈಪ್ ತಳಕ್ಕೆ ತಾಗಿರುವುದಿಲ್ಲ, ನೀರು, ಗಸಿ ಹೀರದಿರಲಿ ಅಂತ ಸ್ವಲ್ಪ ಮೇಲೇ ನಿಂತಿರುತ್ತದೆ. ಅದರ ಬಾಯಿಗಿಂತ ಕೆಳಗಿನ ಡೀಸೆಲ್ ಇದ್ದರೂ ಇಲ್ಲದ ಹಾಗೆ. ಹಾಗಾಗಿ ಪೈಪಿನ ಬಾಯಿ ಮುಳುಗಿ, ಮೇಲೆ ಇನ್ನೊಂದೆರಡು ಲೀಟರ್ ಆಗುವಷ್ಟು ಸುರಿದು, ಆ ಮಟ್ಟಕ್ಕೆ ‘ಇ’ ಇಟ್ಟೆವು. ಆಮೇಲೆ ಐದು ಲೀಟರ್ ಕ್ಯಾನಿನಲ್ಲಿ ಸುರಿಯುತ್ತಾ, ಪ್ರತಿ ಸಲವೂ ಮುಳ್ಳು ನಿಲ್ಲುವ ತನಕ ಕಾಯುತ್ತಾ ಗುರುತು ಹಾಕಿಕೊಂಡೆವು. ಈ ಮೀಟರಿನ ಮುಳ್ಳು ಸೋಮಾರಿ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಇಲ್ಲದಿದ್ದರೆ ತೋಟದ ರಸ್ತೆಯಲ್ಲಿ ಡೀಸೆಲ್ ತುಳುಕಿದಾಗಲೆಲ್ಲ ಕುಣಿಯುತ್ತಿತ್ತು.

ಕೆಳಗೆ ಸರಿಯಾಯಿತು, ಮೇಲೆ ಕೆಟ್ಟಿತು. ಈಗ ಫ್ಲೋಟ್ ಬೇಗ ಟ್ಯಾಂಕಿನ ಚಾವಣಿಗೆ ತಾಗುತ್ತದೆ, ಫುಲ್ ಇದ್ದರೂ ಮುಳ್ಳು ಮುಕ್ಕಾಲಿನಲ್ಲೇ ನಿಲ್ಲುತ್ತದೆ. ಬಗ್ಗಿಸಿದರೆ ಮುಳ್ಳಿನ ಜಾಗ ಬದಲಾಗುತ್ತದೆ, ಓಡಾಟದ ಅಳತೆ ಅಲ್ಲ. ಅದಕ್ಕೆ ಕಂಬಿಯನ್ನೇ ಗಿಡ್ಡ ಮಾಡಬೇಕು. ಮಾಡೋಣ ಅಂದೆ. ಅಣ್ಣ ಕೈ ಒರೆಸಿಕೊಳ್ಳುತ್ತಾ, "ಫುಲ್ ಮಾಡಿಸಿದವನಿಗೆ ಫುಲ್ ಅಂತ ಗೊತ್ತಿರುತ್ತಲ್ವಾ? ಖಾಲಿ ಆದಾಗ ಹೇಳಿದರೆ ಸಾಕು ಬಿಡಿ" ಅಂದರು. ನನಗೂ ಅದೇ ಸರಿ ಅನ್ನಿಸಿತು. ಅಪ್ಪನಿಗಂತೂ ಮೀಟರಿನ ಮೇಲೆ ಯಾವತ್ತೂ ನಂಬಿಕೆ ಇಲ್ಲ, ಸೀಟಿನ ಹಿಂದೆ ಅವರದೇ ಬಿದಿರು ಕಡ್ಡಿ ಇರುತ್ತದೆ.

ಈಗ ತೊಂದರೆ ಬಂಕಿನ ಹುಡುಗನಿಗೆ. ಟ್ಯಾಂಕಿನ ಬಾಯಿ ತನಕ ಡೀಸೆಲ್ ಬಂದಿದ್ದರೂ ಮೀಟರ್ ಕಡೆ ಬಗ್ಗಿ ನೋಡಿ, "ಇನ್ನೂ ಹಿಡಿಯುತ್ತೆ ಸಾರ್, ಹಾಕ್ಲಾ?" ಅನ್ನುತ್ತಾನೆ.