ಹಗಲಿನ ಚಂದ್ರ, ನಿಂಬೆಹಣ್ಣು ಮತ್ತು ಲ್ಯಾಪ್‌ಟಾಪ್

ಶನಿವಾರ, 23 ನವೆಂಬರ್ 2024

ಇವತ್ತು ಕಾರ್ತಿಕ ಬಹುಳ ಅಷ್ಟಮಿ. ಕ್ಯಾಲೆಂಡರ್ ನೋಡಿಯೇ ಈ ದಿನ ಆರಿಸಿಕೊಂಡಿದ್ದೆ. ಶನಿವಾರ ಬೆಳಗಿನ ಶಾಲೆ, ಅಷ್ಟಮಿಯ ಅರ್ಧ ಚಂದ್ರನೂ ಬೆಳಗ್ಗೆ ಆಕಾಶದಲ್ಲೇ ಇರುತ್ತಾನೆ. ಎರಡೂ ಕೂಡಿ ಬರುವುದು ಅಪರೂಪ.

ಪ್ರಾರ್ಥನೆ ಮುಗಿದ ಮೇಲೆ ಏಳನೇ ತರಗತಿಯವರನ್ನು ಮೈದಾನದಲ್ಲೇ ನಿಲ್ಲಿಸಿಕೊಂಡೆ. ಎಂಟೂಕಾಲು ಗಂಟೆ. ಪಶ್ಚಿಮದ ಕಡೆ, ತೆಂಗಿನ ಮರಗಳಿಗಿಂತ ಎಷ್ಟೋ ಮೇಲೆ, ಹಪ್ಪಳದ ಚೂರಿನ ಹಾಗೆ ಚಂದ್ರ. "ಮಿಸ್, ಬೆಳಗ್ಗೆನೂ ಇರ್ತಾನಾ?" ಅಂತ ಕೆಲವರು ಬಾಯಿ ಬಿಟ್ಟರು. ಅರ್ಧ ಯಾಕೆ ಕಾಣ್ತಾನೆ ಅಂದೆ. "ಭೂಮಿ ನೆರಳು ಬಿದ್ದಿರುತ್ತೆ ಮಿಸ್" ಅಂತ ಒಬ್ಬ ತಕ್ಷಣ ಹೇಳಿದ. ಪ್ರತಿ ವರ್ಷ ಬರುವ ಉತ್ತರ ಇದು. ದೊಡ್ಡವರನ್ನು ಕೇಳಿದರೂ ಎಷ್ಟೋ ಜನ ಇದನ್ನೇ ಹೇಳುತ್ತಾರೆ.

ಬಿಸಿಯೂಟದ ಅಡುಗೆಮನೆಯಿಂದ ನಿಂಬೆಹಣ್ಣು ತರಿಸಿದೆ. ತೋಳು ಚಾಚಿ, ಚಂದ್ರನ ಪಕ್ಕಕ್ಕೇ ಕಾಣುವಂತೆ ಹಣ್ಣು ಹಿಡಿದು, ಒಂದು ಕಣ್ಣು ಮುಚ್ಚಿ ನೋಡಬೇಕು. ಎಳೆ ಬಿಸಿಲು ಹಣ್ಣಿನ ಒಂದು ಬದಿಗೆ ಮಾತ್ರ ಬೀಳುತ್ತಿತ್ತು. ಚಂದ್ರನ ಯಾವ ಅರ್ಧ ಬೆಳಗಿತ್ತೋ ಹಣ್ಣಿನದ್ದೂ ಅದೇ ಅರ್ಧ! ಆಮೇಲೆ ಒಂದು ಕೈ ಸೂರ್ಯನ ಕಡೆ, ಇನ್ನೊಂದು ಚಂದ್ರನ ಕಡೆ ಚಾಚಿಸಿದೆ. ನಡುವೆ ಹೆಚ್ಚುಕಡಿಮೆ ಲಂಬಕೋನ. ನೆರಳು ಬೀಳುವುದು ಸೂರ್ಯನ ಎದುರು ದಿಕ್ಕಿಗೆ ಅಲ್ವಾ? ಆ ಹುಡುಗ ನೆಲದ ಮೇಲಿದ್ದ ತನ್ನ ನೆರಳು ನೋಡಿದ, ತಲೆ ಎತ್ತಿ ಚಂದ್ರನನ್ನು ನೋಡಿದ. "ಹಂಗಾದ್ರೆ ನೆರಳಲ್ಲ" ಅಂದ.

ಇಷ್ಟಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ. ಬೇಕಾದದ್ದು ಮುಂದಿನದಕ್ಕೆ. ಚಂದ್ರ ನಾಳೆ ಎಲ್ಲಿರುತ್ತಾನೆ, ನಾಡಿದ್ದು ಎಷ್ಟಾಗುತ್ತಾನೆ ಅಂತ ನೋಡುತ್ತಾ ಹೋದರೆ ತಿಂಗಳು ಹಿಡಿಯುತ್ತದೆ. ನಡುವೆ ಮೋಡ, ಭಾನುವಾರ, ಪರೀಕ್ಷೆ. ಅದಕ್ಕೆ ನಾನು ಬಳಸುವುದು ಸ್ಟೆಲೇರಿಯಂ, ಯಾವ ಊರಿನ, ಯಾವ ಹೊತ್ತಿನ ಆಕಾಶವನ್ನಾದರೂ ತೆರೆ ಮೇಲೆ ತೋರಿಸುತ್ತದೆ. ಫ್ರಾನ್ಸ್‌ನ ಫಾಬಿಯನ್ ಶೆರೋ 2001ರಲ್ಲಿ ಶುರು ಮಾಡಿದ ಉಚಿತ ಸಾಫ್ಟ್‌ವೇರ್. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ನಮ್ಮಂಥ ಶಾಲೆಗೆ ಅದೇ ದೊಡ್ಡ ಉಪಕಾರ. ಊರಿಗೆ ತಿಪಟೂರು, ಸಮಯಕ್ಕೆ 8:15 ಕೊಟ್ಟೆ. ಈಗಷ್ಟೇ ಹೊರಗೆ ನೋಡಿದ ಚಂದ್ರ ತರಗತಿಯೊಳಗೆ, ಪ್ರೊಜೆಕ್ಟರ್‌ನಿಂದ ಗೋಡೆ ಮೇಲೆ ಬಂದ.

ಕೀಬೋರ್ಡ್ ನನ್ನ ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹಿಂದೆ ಸುಮ್ನೆ ಕೂತಿದ್ದ ಹುಡುಗಿಯನ್ನು ಕರೆದು, 'ಎ' ಕೀ ಒತ್ತು ಅಂದೆ. ಒತ್ತಿದರೆ ವಾತಾವರಣ ಮಾಯ, ಹಗಲಲ್ಲೇ ನಕ್ಷತ್ರಗಳು! ಚಂದ್ರನ ಪಕ್ಕದಲ್ಲೇ ಒಂದು ಚೆನ್ನಾಗಿ ಹೊಳೆಯುವ ನಕ್ಷತ್ರ, ರೆಗ್ಯುಲಸ್. ನಮ್ಮ ಮಖಾ. ಗೋಡೆಯ ಕ್ಯಾಲೆಂಡರ್ ತೆಗೆಸಿ ಓದಿಸಿದೆ. ಇವತ್ತಿನ ಚೌಕದಲ್ಲಿ ಮಖಾ ಅಂತಲೇ ಇತ್ತು. "ಮಖೆ ಮಳೆ ಅಂತಾರಲ್ಲ ಮಿಸ್, ನಮ್ಮ ತಾತ, ಅದೇನಾ?" ಅಂತ ಕೇಳಿದಳು ಆ ಹುಡುಗಿ. ನಾನು ಇದನ್ನು ಯೋಚಿಸಿಯೇ ಇರಲಿಲ್ಲ, ಪಾಠ ಅತ್ತ ಹೊರಳಿತು. ದಿನಾಂಕವನ್ನು ಆಗಸ್ಟ್ 22ಕ್ಕೆ ಒಯ್ಯಿ ಅಂದೆ. ಸೂರ್ಯ ಹೋಗಿ ಆ ನಕ್ಷತ್ರಕ್ಕೇ ಅಂಟಿಕೊಂಡು ನಿಂತ. ಸೂರ್ಯ ಮಖಾ ನಕ್ಷತ್ರದಲ್ಲಿರುವಾಗ ಬರುವ ಮಳೆ ಮಖೆ ಮಳೆ. ತಾತ ಲೆಕ್ಕ ಇಡುವ ಆಕಾಶವೂ ಇದೇ ಅಂತ ಮಕ್ಕಳಿಗೆ ಕಣ್ಣೆದುರೇ ಕಂಡಿತು. ಹಗಲಲ್ಲಿ ಸೂರ್ಯನ ಹಿಂದಿನ ನಕ್ಷತ್ರವನ್ನು ಬರಿಗಣ್ಣಿಗೆ ತೋರಿಸುವುದು ಯಾವ ಮೇಷ್ಟ್ರಿಗೂ ಆಗದ ಕೆಲಸ. ಕಂಪ್ಯೂಟರ್ ತರಗತಿಗೆ ಬರಬೇಕಾದದ್ದು ಇಂಥದ್ದಕ್ಕೆ.

ಮತ್ತೆ ಇವತ್ತಿಗೆ ಬಂದು, 'ಸಮ' ಚಿಹ್ನೆಯ ಕೀ ಒತ್ತುತ್ತಾ ಹೋದೆವು. ಒಂದು ಸಲಕ್ಕೆ ಒಂದು ದಿನ. ಅದೇ ಎಂಟೂಕಾಲಕ್ಕೆ ಚಂದ್ರ ದಿನಾ ಪೂರ್ವಕ್ಕೆ ಜರುಗುತ್ತಾ, ಸಣ್ಣಗಾಗುತ್ತಾ, ಡಿಸೆಂಬರ್ 1ರ ಅಮಾವಾಸ್ಯೆಗೆ ಸೂರ್ಯನ ಬಳಿ ಸೇರಿಕೊಂಡ. ಅಷ್ಟರಲ್ಲಿ ಕರೆಂಟ್ ಹೋಯಿತು. ಪ್ರೊಜೆಕ್ಟರ್ ಆರಿತು, ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು. ಎಲ್ಲರೂ ಬಂದು ಮುತ್ತಿಕೊಂಡರು.

ಹನ್ನೊಂದು ಗಂಟೆಗೆ ಚಂದ್ರ ಎಷ್ಟು ಎತ್ತರದಲ್ಲಿರುತ್ತಾನೆ ಅಂತ ಕಂಪ್ಯೂಟರನ್ನೇ ಕೇಳಿದೆವು. ಚಾಚಿದ ಕೈಯ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ. ಆ ಲೆಕ್ಕಕ್ಕೆ ಮೂರು ಮುಷ್ಟಿಗೆ ಸ್ವಲ್ಪ ಕಮ್ಮಿ ಬರಬೇಕು. ಹನ್ನೊಂದಕ್ಕೆ ಹೊರಗೆ ಓಡಿ, ಮುಷ್ಟಿ ಮೇಲೆ ಮುಷ್ಟಿ ಇಟ್ಟು ಅಳೆದರು. ಸರಿ ಬಂತು. ಬಿಸಿಲಿಗೆ ಚಂದ್ರ ಮಂಕಾಗಿದ್ದ, ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಎಲ್ಲಿ ಹುಡುಕಬೇಕು ಅಂತ ಅವರಿಗೆ ಗೊತ್ತಿತ್ತು.

ಸ್ಮಾರ್ಟ್ ಕ್ಲಾಸ್ ಅಂತ ಬರುವ ಎಷ್ಟೋ ವಿಡಿಯೋಗಳ ಬಗ್ಗೆ ನನಗೆ ತಕರಾರು ಇರುವುದು ಇಲ್ಲೇ. ಹೆಸರುಕಾಳು ಮೊಳಕೆ ಒಡೆಯುವುದನ್ನು ತೆರೆ ಮೇಲೆ ತೋರಿಸುತ್ತಾರೆ. ಈ ಮಕ್ಕಳ ಮನೆಯಲ್ಲಿ ಕಾಳು ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟಿರುತ್ತಾರೆ, ಬಿಚ್ಚಿ ನೋಡಿದರೆ ಆಯಿತು. ಬಲ್ಬು, ಸೆಲ್ಲು, ವೈರು ಅಂಗಡಿಯಲ್ಲಿ ಸಿಗುತ್ತದೆ. ನೀರು ಕಾಯುವಾಗ ಅದರ ಅಣುಗಳು ಹೇಗೆ ಓಡಾಡುತ್ತವೆ ಅನ್ನುವುದು ಮಾತ್ರ ಎಲ್ಲೂ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ ಇದೆ, ಕಂಪ್ಯೂಟರಿನಲ್ಲೇ ಪ್ರಯೋಗ ಮಾಡಿ ನೋಡುವಂಥದ್ದು. ಬಿಸಿ ಜಾಸ್ತಿ ಮಾಡುವುದು, ಕಮ್ಮಿ ಮಾಡುವುದು ಮಕ್ಕಳೇ ಮಾಡಬಹುದು. ಉಚಿತವೂ ಹೌದು.

ಹೋಗುವ ಮುಂಚೆ ಇನ್ನೊಂದು ಕಂಡುಹಿಡಿದರು. ಡಿಸೆಂಬರ್ 4ರ ಸಂಜೆ ಎಳೆ ಚಂದ್ರ ಶುಕ್ರನ ಕೆಳಗೆ, 5ರ ಸಂಜೆ ಮೇಲೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಸಿದ್ದೇನೆ, ಒಂದು ಕಂಪ್ಯೂಟರ್ ಹೇಳಿದ್ದು, ಇನ್ನೊಂದು ಆಕಾಶದಲ್ಲಿ ಕಂಡದ್ದು. ಮೊದಲನೆಯದು ತುಂಬಿದೆ. ಎರಡನೆಯದನ್ನು ಆ ಎರಡು ಸಂಜೆ ಮನೆ ಅಂಗಳದಲ್ಲಿ ನಿಂತು ಬರೆದು ತರಬೇಕು. ಮೋಡ ಇದ್ದರೆ ಮೋಡ ಅಂತಲೇ ಬರೆಯಿರಿ ಅಂತ ಹೇಳಿ ಕಳಿಸಿದೆ.