ಸೂಜಿಗೆ ಮೊದಲು ಪ್ರೋಬ್

"ಕೋಲ್ಡ್ ಆಬ್ಸೆಸ್, ಆಸ್ಪಿರೇಟ್ ಮಾಡಿ" ಅಂತ ಬರೆದ ಚೀಟಿ ಮೊನ್ನೆ ಮತ್ತೆ ಬಂತು. ಅಂದರೆ ಹೆಚ್ಚಾಗಿ ಟಿಬಿಯಿಂದಾಗುವ, ನೋವು-ಬಿಸಿ ಇಲ್ಲದ ಕೀವುಗಡ್ಡೆ, ಸೂಜಿಯಿಂದ ಹೀರಿ ತೆಗೆಯಿರಿ ಅಂತ. ಕುರಿ ಕಾಯುವವರ ತೊಡೆಯಲ್ಲಿ ಗಂಟು, ನೋವಿಲ್ಲ, ಜ್ವರವಿಲ್ಲ. ಸಿರಿಂಜಿಗೆ 16 ಗೇಜ್ ಸೂಜಿ ಸಿಕ್ಕಿಸಿ, ಸ್ಪಿರಿಟ್ ಒರೆಸಿ ಆಗಿತ್ತು. ಸಿಸ್ಟರ್ ಒತ್ತಾಯಕ್ಕೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ, ಒಂದು ದಪ್ಪ ಚೀಲದೊಳಗೆ ದಾಳಿಂಬೆ ಕಾಳಿನಂತೆ ಒತ್ತೊತ್ತಾಗಿ ಮರಿಚೀಲಗಳು. ಹೈಡಾಟಿಡ್, ಅಂದರೆ ನಾಯಿಯ ಕರುಳಿನ ಲಾಡಿಹುಳುವಿನ ಮರಿ ಕುರಿ, ಮನುಷ್ಯರ ಮೈಯಲ್ಲಿ ಕಟ್ಟುವ ನೀರುಗುಳ್ಳೆ. ಚುಚ್ಚಿದ್ದರೆ ಒಳಗಿನ ನೀರು ಸೋರಿ ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯ ತರುವ ಅಲರ್ಜಿ) ಆಗಬಹುದಿತ್ತು. ಸೋರಿದ ಕಡೆಯೆಲ್ಲ ಹೊಸ ಗುಳ್ಳೆ ಹುಟ್ಟುವ ಅಪಾಯ ಬೇರೆ.

ಲಿವರ್, ಶ್ವಾಸಕೋಶ ಬಿಟ್ಟು ಸ್ನಾಯುವಿನಲ್ಲಿ ಇದು ಅಪರೂಪ, ನಿಜ. ಆದರೆ ಚಳ್ಳಕೆರೆ, ಹಿರಿಯೂರು, ಜಗಳೂರು ಕಡೆ ಕುರಿ ಮಂದೆಗಳಿಗೆ, ಅವುಗಳ ಹಿಂದಿನ ನಾಯಿಗಳಿಗೆ ಬರವಿಲ್ಲ. ರಕ್ತಪರೀಕ್ಷೆ ನೆಗೆಟಿವ್ ಬಂದರೂ ಕಾಯಿಲೆ ಇಲ್ಲ ಅಂತ ಹೇಳೋಕಾಗಲ್ಲ.

ಮೂಳೆಯದು ಇನ್ನೂ ಕಷ್ಟ. ಲಿವರಿನಲ್ಲಿ ದೇಹ ಸುತ್ತ ಗಟ್ಟಿ ಗೋಡೆ ಕಟ್ಟುತ್ತದೆ. ಮೂಳೆಯಲ್ಲಿ ಆ ಗೋಡೆ ಕಟ್ಟೋದಿಲ್ಲ. ಹುಳು ಮಜ್ಜೆಯ ಸಂದಿಗಳಲ್ಲಿ ಕವಲೊಡೆದು ವರ್ಷಗಟ್ಟಲೆ ಸದ್ದಿಲ್ಲದೆ ಹಬ್ಬುತ್ತದೆ. ಮೂಳೆ ಮುರಿದಾಗಲೋ ಕಾಲು ಸೋತಾಗಲೋ ಗೊತ್ತಾಗೋದು. ಹೆಚ್ಚಾಗಿ ಬರೋದು ಬೆನ್ನುಮೂಳೆಗೆ, ಆಮೇಲೆ ಸೊಂಟದ ಮೂಳೆಗೆ. ಎಕ್ಸ್‌ರೇ ನೋಡಿ ಟಿಬಿ ಅಂತ ಎಟಿಟಿ (ಟಿಬಿ ಮಾತ್ರೆ) ಶುರು ಮಾಡಿಬಿಡುತ್ತಾರೆ. ವರ್ಟಿಬ್ರಾ (ಬೆನ್ನುಮೂಳೆಯ ಮಣಿ) ತಿಂದುಹೋಗಿ ಡಿಸ್ಕ್ (ಮಣಿಗಳ ನಡುವಿನ ಮೆತ್ತೆ) ಉಳಿದಿದ್ದರೆ, ಪಕ್ಕದ ಪಕ್ಕೆಲುಬೂ ಹಾಳಾಗಿದ್ದರೆ ಹೈಡಾಟಿಡ್ ಇರಬಹುದು, ಎಂಆರ್‌ಐ ಆಗಲೇಬೇಕು.

ಓಟಿ (ಆಪರೇಷನ್) ಲಿಸ್ಟಿನಲ್ಲಿ "ಸಾಫ್ಟ್ ಟಿಶ್ಯೂ ಟ್ಯೂಮರ್" (ಮಾಂಸದ ಗಡ್ಡೆ) ಅಂತ ಬರೆಯಬೇಡಿ, ಹೈಡಾಟಿಡ್ ಅಂತಲೇ ಬರೆಯಿರಿ. ಅನಸ್ತೇಶಿಯಾದವರಿಗೆ ಮೊದಲೇ ಗೊತ್ತಿದ್ದರೆ ಅನಾಫಿಲಾಕ್ಸಿಸ್‌ಗೆ ಕೊಡುವ ಅಡ್ರಿನಲಿನ್ ಕೈಗೆಟುಕುವಲ್ಲಿ ಇರುತ್ತದೆ. ಸುತ್ತ 20% ಸಲೈನಿನಲ್ಲಿ (ಹುಳು ಕೊಲ್ಲುವ ಗಟ್ಟಿ ಉಪ್ಪುನೀರು) ಅದ್ದಿದ ಮಾಪ್ (ಬಟ್ಟೆ) ಇಟ್ಟು, ಚೀಲ ಒಡೆಯದೆ ಸುತ್ತಲಿನ ಸ್ನಾಯುವಿನ ಸಮೇತ ತೆಗೆಯಬೇಕು. ಒಡೆದರೆ ಅದೇ ಸಲೈನ್ ಕನಿಷ್ಠ 10 ನಿಮಿಷ ನಿಲ್ಲಲಿ. ಆಮೇಲೆ ರಕ್ತದ ಸೋಡಿಯಂ ನೋಡಿ, ಆ ಉಪ್ಪು ಮೈಗೆ ಸೇರಿರಬಹುದು. ಮೂಳೆಯಲ್ಲಿ ಪೂರ್ತಿ ತೆಗೆಯೋದು ಅಪರೂಪ, ಮರುಕಳಿಸೋದೇ ಹೆಚ್ಚು. ಹೊಟ್ಟೆ, ಎದೆ ಸ್ಕ್ಯಾನ್ ಬಿಡಬೇಡಿ. ಇನ್ನೊಂದು ಗುಳ್ಳೆ ಅಲ್ಲಿ ಕೂತಿರಬಹುದು.

ಡಿಸ್ಚಾರ್ಜ್ ಚೀಟಿಯಲ್ಲಿ ಆಲ್ಬೆಂಡಜೋಲ್ (ಹುಳುವಿನ ಮಾತ್ರೆ) 400 ಮಿ.ಗ್ರಾಂ 1-0-1 (ಬೆಳಗ್ಗೆ ಒಂದು, ರಾತ್ರಿ ಒಂದು) ಅಂತ ಬರೆದರೆ ಸಾಲದು. ಖಾಲಿ ಹೊಟ್ಟೆಯಲ್ಲಿ ಅದು ಸರಿಯಾಗಿ ಮೈಗೆ ಹತ್ತೋದಿಲ್ಲ. ಮುದ್ದೆಗೆ ತುಪ್ಪ ಹಾಕಿಕೊಂಡೋ ಕೆನೆಹಾಲಿನ ಜೊತೆಗೋ ನುಂಗಲು ಹೇಳಿ. ತಿಂಗಳುಗಟ್ಟಲೆ ಕೊಡುವ ಮಾತ್ರೆ, ಹಾಗಾಗಿ ಎಲ್‌ಎಫ್‌ಟಿ (ಲಿವರ್ ಪರೀಕ್ಷೆ), ಬಿಳಿ ರಕ್ತಕಣ ನೋಡುತ್ತಿರಬೇಕು.

ಮಟನ್ ಬಿಡಬೇಕಾ ಅಂತ ಮನೆಯವರು ಕೇಳೇ ಕೇಳುತ್ತಾರೆ. ಮಾಂಸದಿಂದ ಬರೋದಲ್ಲ, ನಾಯಿಯ ಹೇಲಿನಲ್ಲಿರುವ ಮೊಟ್ಟೆ ಕೈಗೋ ಸೊಪ್ಪಿಗೋ ಅಂಟಿ ಬಾಯಿಗೆ ಹೋಗಿ ಬರೋದು. ಕೊಯ್ದ ಕುರಿಯ ಗುಳ್ಳೆಬಿದ್ದ ಲಿವರ್, ಪುಪ್ಪುಸ ನಾಯಿಗೆ ಎಸೆಯದೆ ಆಳವಾಗಿ ಹೂಳಲಿ. ಮಂದೆಯ ನಾಯಿಗೆ ಪ್ರಾಜಿಕ್ವಾಂಟೆಲ್ (ಲಾಡಿಹುಳುವಿನ ಔಷಧಿ) ಆರು ವಾರಕ್ಕೊಮ್ಮೆ ಕೊಡಿಸಬೇಕು, ಅಷ್ಟರೊಳಗೆ ಹೊಸ ಹುಳು ಮೊಟ್ಟೆ ಬಿಡುವಷ್ಟು ಬಲಿತಿರೋದಿಲ್ಲ.