ಮೊದಲ ಗೇಮ್ ಮಾಡಲು ಯಾವ ಟೂಲ್?

ಗೇಮ್ ಮಾಡುವುದು ಕಲಿಯಬೇಕು ಅಂತ ಹೊರಟವರು ಯೂಟ್ಯೂಬ್ ನೋಡುತ್ತಾರೆ, ಅಲ್ಲಿ ಯಾರೋ ಅನ್‌ರಿಯಲ್ ಎಂಜಿನ್ ಅನ್ನುವ ಭಾರೀ ಗೇಮ್ ಟೂಲ್ ತೋರಿಸುತ್ತಾರೆ, ಅದನ್ನೇ ಡೌನ್‌ಲೋಡ್ ಮಾಡಲು ಕೂತರೆ ಡೇಟಾ ಖಾಲಿ, 4 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್‌ನಲ್ಲಿ ಅದು ತೆರೆಯುವುದೂ ಕಷ್ಟ. ಎಷ್ಟೋ ಜನರ ಆಸೆ ಅಲ್ಲಿಗೇ ನಿಂತುಬಿಡುತ್ತದೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಟೂಲ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಿಮ್ಮ ಈಗಿನ ಕಂಪ್ಯೂಟರ್‌ನಲ್ಲಿ, ಇದರಲ್ಲಿ ಒಂದು ಪುಟ್ಟ ಗೇಮ್ ಪೂರ್ತಿ ಮುಗಿಸಲು ಆಗುತ್ತದಾ?

ಕೋಡ್ ಬರೆದೇ ಗೊತ್ತಿಲ್ಲ ಅನ್ನುವವರಿಗೆ ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಹೊರತಂದದ್ದು. ಬ್ರೌಸರ್‌ನಲ್ಲೇ ಓಡುತ್ತದೆ, ನೆಟ್ ಸರಿಯಿಲ್ಲದಿದ್ದರೆ ಆಫ್‌ಲೈನ್ ಆ್ಯಪ್ ಇದೆ. ಬ್ಲಾಕ್ ಎಳೆದು ಜೋಡಿಸುವುದು ಮಕ್ಕಳಿಗೆ ಮಾತ್ರ ಅಂತ ದೊಡ್ಡವರು ತಳ್ಳಿಹಾಕಬೇಡಿ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಲೂಪ್, ಷರತ್ತು, ಸ್ಕೋರ್ ಇಡುವ ವೇರಿಯಬಲ್, ಎರಡು ಚಿತ್ರ ತಾಗಿದವಾ ಅಂತ ನೋಡುವುದು, ಎಲ್ಲಾ ಗೇಮ್‌ಗಳ ಒಳಗೂ ಇರುವುದು ಇವೇ ಅಲ್ವಾ?

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರುತ್ತದೆ ಅಂದರೆ, ಅದರಲ್ಲೇ ಗೇಮ್ ಬರೆಯಲು ಇರುವ ಪೈಗೇಮ್ ಝೀರೋ ನೋಡಿ. ಚಿತ್ರ ಬಿಡಿಸಲು ಒಂದು ಫಂಕ್ಷನ್, ಚಲನೆಗೆ ಇನ್ನೊಂದು, ಅಷ್ಟರಲ್ಲೇ ಏನೋ ಓಡಾಡಲು ಶುರುವಾಗುತ್ತದೆ.

ಆದರೆ ಮುಂದೆಯೂ ಗೇಮ್ ಮಾಡುತ್ತಲೇ ಇರಬೇಕು ಅನ್ನುವವರಿಗೆ ನಾನು ಹೇಳುವುದು ಗೊಡೋ ಅನ್ನುವ ಗೇಮ್ ಎಂಜಿನ್, ಅಂದರೆ ಗೇಮ್ ಮಾಡಲು ಬೇಕಾದದ್ದೆಲ್ಲ ಒಂದೇ ಕಡೆ ಇರುವ ಸಾಫ್ಟ್‌ವೇರ್. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು, 2014ರಲ್ಲಿ ಓಪನ್ ಸೋರ್ಸ್ ಆಯಿತು, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಇನ್‌ಸ್ಟಾಲ್ ಕೂಡ ಬೇಡ, ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದರೆ ಸಾಕು. ಹಳೇ ಕಂಪ್ಯೂಟರ್ ಆದರೆ ಹೊಸ ಪ್ರಾಜೆಕ್ಟ್ ಮಾಡುವಾಗ ರೆಂಡರರ್ (ಚಿತ್ರವನ್ನು ತೆರೆಯ ಮೇಲೆ ಮೂಡಿಸುವ ಭಾಗ) ಯಾವುದು ಅಂತ ಕೇಳುವ ಕಡೆ ‘ಕಂಪ್ಯಾಟಿಬಿಲಿಟಿ’ ಆರಿಸಿ. ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಲೈಸೆನ್ಸ್ ಕೂಡ ನೋಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಅನ್ನುವ ಇನ್ನೊಂದು ಗೇಮ್ ಎಂಜಿನ್‌ನವರು, ಗೇಮ್‌ನ ಆದಾಯ ಮತ್ತು ಇನ್‌ಸ್ಟಾಲ್ ಒಂದು ಮಿತಿ ದಾಟಿದರೆ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂದರು. ಗಲಾಟೆಯಾಗಿ ಮರುವರ್ಷ ಕೈಬಿಟ್ಟರು. ಕಲಿಯುವವರಿಗೆ ಅದು ತಟ್ಟುತ್ತಿರಲಿಲ್ಲ, ನಿಜ. ಆದರೆ ವರ್ಷಗಟ್ಟಲೆ ಕಲಿತ ಟೂಲ್‌ನ ನಿಯಮವನ್ನು ಬೇರೆಯವರು ರಾತ್ರೋರಾತ್ರಿ ಬದಲಿಸಬಹುದು ಅನ್ನುವುದು ಸಣ್ಣ ಮಾತಲ್ಲ. ಗೊಡೋ ಎಂಐಟಿ ಲೈಸೆನ್ಸ್‌ನಲ್ಲಿದೆ, ಅಂದರೆ ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು, ನಿಮ್ಮ ಕೈಗೆ ಬಂದ ಆವೃತ್ತಿಯನ್ನು ಯಾರೂ ಕಿತ್ತುಕೊಳ್ಳಲಾರರು.

ನನಗೆ ತುಂಬಾ ಖುಷಿ ಕೊಟ್ಟದ್ದು ಮಾತ್ರ ಇನ್ನೊಂದು. 2023ರಲ್ಲಿ ಬಂದ ಗೊಡೋ 4ರಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆ, ಒತ್ತಕ್ಷರ ತನ್ನ ಜಾಗದಲ್ಲೇ ಕೂರುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ, ಅದನ್ನು ಪ್ರಾಜೆಕ್ಟ್ ಒಳಗೇ ಸೇರಿಸಿ. ಗೇಮನ್ನು ಬ್ರೌಸರ್‌ನಲ್ಲಿ ಆಡುವಂತೆ ವೆಬ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ಇದು ಬೇಕೇ ಬೇಕು, ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ.

ಚಿತ್ರ ಬಿಡಿಸಲು ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ. ಕೆನ್ನಿ (Kenney) ಅನ್ನುವ ಸೈಟ್‌ನಲ್ಲಿರುವ ಗೇಮ್ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು. ಮುಗಿದ ಗೇಮನ್ನು ಗೇಮ್ ಹಂಚುವ ಸೈಟ್ ಆದ ಇಚ್ ಡಾಟ್ ಐಒಗೆ (itch.io) ಹಾಕಿದರೆ ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಬಹುದು.

ಏನು ಮಾಡಲಿ ಅನ್ನುವವರು ಚೌಕಾಬಾರ ಮಾಡಿ. 25 ಮನೆ, 4 ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿತ್ತೋ ಅಷ್ಟು ಮನೆ, ಎಲ್ಲಾ ಬೋರಲಾದರೆ 8. ಗುರುತ್ವ, ಜಿಗಿತ ಯಾವುದೂ ಬೇಡ. ಮೊದಲು ಒಂದೇ ಕಾಯಿ ನಡೆಸಿ ನೋಡಿ, ಕಾಯಿ ಕಡಿಯುವ ನಿಯಮ ಆಮೇಲೆ ಸೇರಿಸಿದರಾಯಿತು.